ಸೋಯಾ ತಿಂದರೆ ಅಮೆಜಾನ್ ಕಾಡು ಕಡಿದಂತೆಯೇ?

ಪ್ರಶ್ನೆ: ಕೆಲವು ಕಾಲದಿಂದ ಹಾಲು, ಮಾಂಸ ಕಡಿಮೆ ಮಾಡಿ ತೋಫು, ಸೋಯಾ ಹಾಲು ಬಳಸುತ್ತಿದ್ದೇನೆ. ಪರಿಸರಕ್ಕೆ ಒಳ್ಳೆಯದು ಅಂದುಕೊಂಡಿದ್ದೆ. ಈಗ ಗೆಳೆಯರೊಬ್ಬರು, "ನೀವು ತಿನ್ನೋ ಸೋಯಾಕ್ಕಾಗಿಯೇ ಅಮೆಜಾನ್ ಕಾಡು ಕಡೀತಿದ್ದಾರೆ" ಅನ್ನುತ್ತಾರೆ. ಇದು ನಿಜವೇ? ಕಾಡು ಕಡಿಯದೆ ಬೆಳೆದ ಸೋಯಾ ನಮ್ಮದು ಎಂದು ಕೆಲವು ಕಂಪನಿಗಳು ಹೇಳಿಕೊಳ್ಳುತ್ತವೆ. ಅದನ್ನು ಎಷ್ಟು ನಂಬಬಹುದು? ಸಾವಯವ ಸೋಯಾ ಕೊಂಡರೆ ಸಾಕೇ?

ಉತ್ತರ: ನಿಮ್ಮ ಗೆಳೆಯರು ಸೋಯಾ ಬಗ್ಗೆ ಹೇಳಿದ್ದರಲ್ಲಿ ನಿಜವಿದೆ. ಆದರೆ ಆ ಹೊರೆಯನ್ನು ನಿಮ್ಮ ತಟ್ಟೆಯ ತೋಫು ಮೇಲೆ ಹೊರಿಸಿದ್ದು ಸರಿಯಲ್ಲ.

ಸೋಯಾದಿಂದ ಪರಿಸರಕ್ಕೆ ಆಗುವ ಹಾನಿ ದೊಡ್ಡದು. ಅದರ ಬಹುಪಾಲು ಒಂದೇ ಪ್ರಶ್ನೆಯ ಮೇಲೆ ನಿಂತಿದೆ. ಈ ಕಾಳು ಯಾವ ನೆಲದಲ್ಲಿ ಬೆಳೆಯಿತು, ಆ ನೆಲದ ಮೇಲಿದ್ದ ಗಿಡಮರ ಯಾವಾಗ ಹೋಯಿತು? ಗೊಬ್ಬರ, ಔಷಧಿ, ಹಡಗಿನ ಪ್ರಯಾಣ ಎಲ್ಲ ಆಮೇಲಿನ ಮಾತು. ಕಷ್ಟ ಏನೆಂದರೆ, ಕಾಳು ಹೊಲ ಬಿಟ್ಟು ಗೋದಾಮು ಸೇರುವಷ್ಟರಲ್ಲೇ ಈ ಪ್ರಶ್ನೆಯ ಉತ್ತರ ಕಳೆದುಹೋಗಿರುತ್ತದೆ. ಅದು ಹೇಗೆ ಎಂದು ಮುಂದೆ ಹೇಳುತ್ತೇನೆ. ಮೊದಲು ಸೋಯಾವನ್ನು ಯಾರು ತಿನ್ನುತ್ತಾರೆ ನೋಡೋಣ.

ಜಗತ್ತಿನಲ್ಲಿ ಈಗ ವರ್ಷಕ್ಕೆ 40 ಕೋಟಿ ಟನ್ ಹತ್ತಿರ ಸೋಯಾ ಬೆಳೆಯುತ್ತಾರೆ. 1960ರ ದಶಕದ ಆರಂಭದಲ್ಲಿ ಅದು 3 ಕೋಟಿ ಟನ್ನಿಗೂ ಕಡಿಮೆ ಇತ್ತು. ಬ್ರೆಜಿಲ್, ಅಮೆರಿಕ, ಅರ್ಜೆಂಟೀನಾ ಈ ಮೂರೇ ದೇಶಗಳು ಸೇರಿ ಸುಮಾರು ಶೇ. 80ರಷ್ಟು ಬೆಳೆಯುತ್ತವೆ. ಇಷ್ಟೊಂದು ಕಾಳು ಎಲ್ಲಿಗೆ ಹೋಗುತ್ತದೆ? ಬಹುಪಾಲು ನೇರ ಗಾಣಕ್ಕೆ, ಅಂದರೆ ಎಣ್ಣೆ ತೆಗೆಯುವ ಕಾರ್ಖಾನೆಗೆ. ಅಲ್ಲಿ ಐದರಲ್ಲಿ ಒಂದು ಪಾಲು ಎಣ್ಣೆ ಸಿಗುತ್ತದೆ, ಉಳಿದ ನಾಲ್ಕು ಪಾಲು ಹಿಂಡಿ. ಆ ಹಿಂಡಿ ಕೋಳಿ, ಹಂದಿ, ಹಸು, ಸಾಕಿದ ಮೀನುಗಳ ಹೊಟ್ಟೆಗೆ ಹೋಗುತ್ತದೆ. ಒಟ್ಟು ಲೆಕ್ಕ ಹಾಕಿದರೆ ಜಗತ್ತಿನ ಸೋಯಾದ ಮುಕ್ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಪ್ರಾಣಿಗಳ ಆಹಾರ. ತೋಫು, ಸೋಯಾ ಹಾಲು, ಟೆಂಪೆ (ಹುದುಗಿಸಿದ ಸೋಯಾ ತಿನಿಸು) ಹೀಗೆ ಜನ ನೇರವಾಗಿ ತಿನ್ನುವುದು ಶೇ. 7ರ ಆಸುಪಾಸು. ಉಳಿದದ್ದು ಅಡುಗೆ ಎಣ್ಣೆ, ಬಯೋಡೀಸೆಲ್, ಕೈಗಾರಿಕೆ.

ಚೀನಾವನ್ನೇ ನೋಡಿ. ತೋಫು ಹುಟ್ಟಿದ ದೇಶ ಅದು. ಅಲ್ಲಿ ವರ್ಷಕ್ಕೆ 2 ಕೋಟಿ ಟನ್‌ನಷ್ಟು ಸೋಯಾ ಬೆಳೆಯುತ್ತಾರೆ. ಜನರ ಆಹಾರಕ್ಕೆ ಹೋಗುವುದು ಹೆಚ್ಚಾಗಿ ಇದೇ. ಇದರ ಮೇಲೆ ಸುಮಾರು 10 ಕೋಟಿ ಟನ್ ಹೊರಗಿನಿಂದ ತರಿಸುತ್ತಾರೆ. ಜಗತ್ತಿನ ಸೋಯಾ ವ್ಯಾಪಾರದ ಅರ್ಧಕ್ಕಿಂತ ಜಾಸ್ತಿ ಇದೊಂದೇ ದೇಶಕ್ಕೆ ಹೋಗುತ್ತದೆ ಅಂದಹಾಗಾಯಿತು. ಆ ಕಾಳು ತೋಫು ಆಗುವುದಿಲ್ಲ. ಹಂದಿ ಮತ್ತು ಕೋಳಿಗಳ ಆಹಾರವಾಗುತ್ತದೆ, ಅದರ ಎಣ್ಣೆ ಅಡುಗೆಗೆ ಹೋಗುತ್ತದೆ.

ಹಾಗಾಗಿ ಕೋಳಿ, ಹಂದಿ, ಮೊಟ್ಟೆ ತಿನ್ನುವವರೂ ಸೋಯಾವನ್ನೇ ತಿನ್ನುತ್ತಿರುತ್ತಾರೆ, ಅದು ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಅದೂ ನಷ್ಟದ ದಾರಿಯಲ್ಲಿ. ಪ್ರಾಣಿ ತಿಂದ ಪ್ರೋಟೀನ್‌ನಲ್ಲಿ ದೊಡ್ಡ ಪಾಲು ಅದರ ಉಸಿರಾಟಕ್ಕೆ, ಓಡಾಟಕ್ಕೆ, ಮೂಳೆ ಪುಕ್ಕಗಳಿಗೆ ಖರ್ಚಾಗುತ್ತದೆ. ಸುಮಾರು 38,000 ಹೊಲಗಳ ಮಾಹಿತಿ ಕೂಡಿಸಿ 2018ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದಿದೆ. ಅದರ ಪ್ರಕಾರ 100 ಗ್ರಾಂ ಪ್ರೋಟೀನ್‌ಗೆ ತೋಫುವಿನಿಂದ ಹೊರಬೀಳುವ ಹಸಿರುಮನೆ ಅನಿಲ ಸರಾಸರಿ 2 ಕಿಲೋ. ಕೋಳಿ ಮಾಂಸದಿಂದ 5.7 ಕಿಲೋ. ಮಾಂಸಕ್ಕೆಂದೇ ಸಾಕಿದ ದನದಿಂದ 50 ಕಿಲೋ. ಈ 2 ಕಿಲೋದಲ್ಲಿ ಕಾಡು ಕಡಿದ ಲೆಕ್ಕವೂ ಸೇರಿದೆ. ಅಂದರೆ ಸ್ವಲ್ಪ ಕೆಟ್ಟ ನೆಲದ ಸೋಯಾ ಬೆರೆತಿದೆ ಎಂದುಕೊಂಡರೂ ತೋಫು ಬಹಳ ಮುಂದಿದೆ. ನಿಮ್ಮ ಮೊದಲ ಪ್ರಶ್ನೆಗೆ ಇದೇ ಉತ್ತರ. ಧೈರ್ಯವಾಗಿ ತಿನ್ನಿ.

ಆದರೆ ಅಲ್ಲಿಗೆ ನಿಲ್ಲಿಸಿದರೆ ಸೋಯಾ ಕಥೆಯ ಮುಖ್ಯ ಭಾಗವನ್ನೇ ಬಿಟ್ಟಂತಾಗುತ್ತದೆ.

ಸೋಯಾ ಗಿಡಕ್ಕೆ ಒಂದು ದೊಡ್ಡ ಗುಣವಿದೆ. ಅದರ ಬೇರಿನ ಗಂಟುಗಳಲ್ಲಿ ಇರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತದೆ. ಯೂರಿಯಾ ಹಾಕುವ ಅಗತ್ಯ ಹೆಚ್ಚೂಕಡಿಮೆ ಇರುವುದಿಲ್ಲ. ಬ್ರೆಜಿಲ್‌ನಲ್ಲಿ ಇದನ್ನು ಸಾಧ್ಯ ಮಾಡಿದ್ದರಲ್ಲಿ ಜೊಹಾನ್ನಾ ಡೊಬರೈನರ್ ಎಂಬ ವಿಜ್ಞಾನಿಯ ಪಾಲು ದೊಡ್ಡದು. ಸಾರಜನಕ ಗೊಬ್ಬರ ಸುರಿದು ತಳಿ ಬೆಳೆಸುವುದು ಬೇಡ, ಬ್ಯಾಕ್ಟೀರಿಯಾದೊಂದಿಗೆ ಚೆನ್ನಾಗಿ ಹೊಂದುವ ತಳಿಗಳನ್ನೇ ಆರಿಸೋಣ ಎಂದು ಅವರು ಪಟ್ಟು ಹಿಡಿದರು. ಇಂದು ಅಲ್ಲಿನ ರೈತರು ಬೀಜಕ್ಕೆ ಬ್ಯಾಕ್ಟೀರಿಯಾ ಲೇಪಿಸಿ ಬಿತ್ತುತ್ತಾರೆ. ಜೋಳ, ಗೋಧಿಯ ಪರಿಸರ ಲೆಕ್ಕದಲ್ಲಿ ಸಾರಜನಕ ಗೊಬ್ಬರದ್ದೇ ದೊಡ್ಡ ತಲೆನೋವು. ಸೋಯಾಕ್ಕೆ ಆ ಹೊರೆ ತೀರಾ ಕಡಿಮೆ. ರಂಜಕ, ಪೊಟ್ಯಾಷ್ ಮಾತ್ರ ಬೇಕೇ ಬೇಕು. ಬ್ರೆಜಿಲ್ ತನ್ನ ರಾಸಾಯನಿಕ ಗೊಬ್ಬರದ ಬಹುಪಾಲನ್ನು ಹೊರದೇಶಗಳಿಂದ ತರಿಸುತ್ತದೆ.

ಗಿಡ ಇಷ್ಟು ಒಳ್ಳೆಯದಾದರೆ ಹಾನಿ ಎಲ್ಲಿಂದ ಬಂತು? ಜಾಗದಿಂದ.

ಸೋಯಾ ಮೂಲತಃ ತಂಪು ನಾಡಿನ ಬೆಳೆ. ಹಗಲು ಎಷ್ಟು ಉದ್ದ ಎಂಬುದನ್ನು ನೋಡಿ ಹೂ ಬಿಡುವ ಗಿಡ. ಭೂಮಧ್ಯರೇಖೆಯ ಹತ್ತಿರ ಬಿತ್ತಿದರೆ ಮೊಳಕಾಲೆತ್ತರ ಬೆಳೆಯುವ ಮೊದಲೇ ಹೂ ಬಿಟ್ಟು ಮುಗಿಸುತ್ತಿತ್ತು. 1973ರಲ್ಲಿ ಬ್ರೆಜಿಲ್ ಸರ್ಕಾರ ಎಂಬ್ರಾಪಾ ಎಂಬ ಕೃಷಿ ಸಂಶೋಧನಾ ಸಂಸ್ಥೆ ಕಟ್ಟಿತು. ಅಲ್ಲಿನ ವಿಜ್ಞಾನಿಗಳು ಬಿಸಿ ನಾಡಿನಲ್ಲೂ ತಡವಾಗಿ ಹೂ ಬಿಡುವ ತಳಿಗಳನ್ನು ತಂದರು. ಹುಳಿ ಮಣ್ಣಿಗೆ ಸುಣ್ಣ ಹಾಕಿ ಸರಿಪಡಿಸುವ ದಾರಿ ತೋರಿಸಿದರು. ಬೇಸಾಯಕ್ಕೆ ಬಾರದು ಎಂದು ಬಿಟ್ಟಿದ್ದ ವಿಶಾಲ ಬಯಲು ಒಮ್ಮೆಗೇ ಬೆಲೆಬಾಳುವ ಭೂಮಿಯಾಯಿತು. ವಿಜ್ಞಾನದ ದೃಷ್ಟಿಯಿಂದ ಅದು ನಿಜಕ್ಕೂ ದೊಡ್ಡ ಸಾಧನೆ. ಆದರೆ ಆ ಬಯಲು ಖಾಲಿ ಇರಲಿಲ್ಲ.

ಕಾರ್ಬನ್ ಲೆಕ್ಕ ಹಾಕುವವರು ಸಾಮಾನ್ಯವಾಗಿ ಒಂದು ನಿಯಮ ಪಾಲಿಸುತ್ತಾರೆ. ಕಾಡು ಕಡಿದಾಗ ಹೊರಬಿದ್ದ ಇಂಗಾಲವನ್ನು ಆ ನೆಲದ ಮುಂದಿನ 20 ವರ್ಷದ ಬೆಳೆಗೆ ಹಂಚುತ್ತಾರೆ. ದಟ್ಟ ಅಮೆಜಾನ್ ಕಾಡಿನ ಒಂದು ಹೆಕ್ಟೇರಿನಲ್ಲಿ ಮರಗಳಲ್ಲೇ ನೂರು ಟನ್‌ಗೂ ಜಾಸ್ತಿ ಇಂಗಾಲ ಇರುತ್ತದೆ. ಅದನ್ನು ಕಡಿದು ಸುಟ್ಟ ನೆಲದ ಸೋಯಾ ಕೆಟ್ಟ ಲೆಕ್ಕ ಹೊತ್ತು ಬರುತ್ತದೆ. ಪಕ್ಕದಲ್ಲೇ ಐವತ್ತು ವರ್ಷದಿಂದ ಉಳುತ್ತಿರುವ ಹೊಲದ ಸೋಯಾ ಹಗುರವಾಗಿರುತ್ತದೆ. ಎರಡೂ ಒಂದೇ ತಳಿ, ಒಂದೇ ರುಚಿ, ಒಂದೇ ದರ. ಈ ನಿಯಮದಲ್ಲಿ ಒಂದು ತೊಂದರೆಯೂ ಇದೆ. 21ನೇ ವರ್ಷ ಬಂದ ಕೂಡಲೇ ಕಾಗದದ ಮೇಲೆ ಆ ನೆಲ ಶುದ್ಧವಾಗಿಬಿಡುತ್ತದೆ. ಕಾಡು ಮಾತ್ರ ವಾಪಸ್ ಬಂದಿರುವುದಿಲ್ಲ.

ಈಗ ಅಮೆಜಾನ್ ವಿಷಯಕ್ಕೆ ಬರೋಣ. 2000ದ ದಶಕದ ಆರಂಭದಲ್ಲಿ ಸೋಯಾ ದಕ್ಷಿಣದಿಂದ ಮೇಲಕ್ಕೆ ಕಾಡಿನೊಳಗೆ ನುಗ್ಗುತ್ತಿತ್ತು. 2003ರಲ್ಲಿ ಅಮೆಜಾನ್ ನದಿಯ ದಡದ ಸಾಂಟಾರೆಮ್ ಪಟ್ಟಣದಲ್ಲಿ ಧಾನ್ಯ ತುಂಬುವ ಬಂದರು ಶುರುವಾಯಿತು. 2006ರ ಏಪ್ರಿಲ್‌ನಲ್ಲಿ ಗ್ರೀನ್‌ಪೀಸ್ ಎಂಬ ಪರಿಸರ ಸಂಸ್ಥೆ ಒಂದು ವರದಿ ತಂದಿತು. ಕಾಡು ಕಡಿದ ಹೊಲದ ಸೋಯಾ ಯುರೋಪಿನ ಕೋಳಿಗಳ ಹೊಟ್ಟೆ ಸೇರಿ, ಅಲ್ಲಿಂದ ಜನರ ತಟ್ಟೆಗೆ ಬರುತ್ತಿದೆ ಎಂದು ಅದು ದಾರಿಯನ್ನೇ ಬಿಡಿಸಿ ತೋರಿಸಿತು. ಆ ಮಾಂಸ ಮಾರುವ ಕಂಪನಿಗಳಿಗೆ ಬಿಸಿ ತಟ್ಟಿತು. ಅವು ಸೋಯಾ ಕೊಳ್ಳುವ ದೊಡ್ಡ ವ್ಯಾಪಾರಿಗಳ ಮೇಲೆ ಒತ್ತಡ ಹಾಕಿದವು. ಅದೇ ಜುಲೈನಲ್ಲಿ ಬ್ರೆಜಿಲ್‌ನ ಸೋಯಾ ವ್ಯಾಪಾರಿಗಳ ಸಂಘಗಳು ಒಂದು ಒಪ್ಪಂದಕ್ಕೆ ಬಂದವು. ಇನ್ನು ಮುಂದೆ ಅಮೆಜಾನ್‌ನಲ್ಲಿ ಹೊಸದಾಗಿ ಕಡಿದ ನೆಲದ ಸೋಯಾ ಕೊಳ್ಳುವುದಿಲ್ಲ ಎಂದು. ಇದನ್ನೇ ಸೋಯಾ ಮೊರಟೋರಿಯಂ ಎನ್ನುತ್ತಾರೆ.

ಇದು ಕೆಲಸ ಮಾಡಿತು. ನಾನು ಇದನ್ನು ಒತ್ತಿ ಹೇಳುತ್ತೇನೆ. ಯಾಕೆಂದರೆ ಪರಿಸರದ ವಿಷಯದಲ್ಲಿ ಏನು ಮಾಡಿದರೂ ಪ್ರಯೋಜನ ಇಲ್ಲ ಎಂಬ ನಿರಾಶೆ ಬಹಳ ಜನರಲ್ಲಿದೆ. ಒಪ್ಪಂದಕ್ಕೆ ಮುಂಚಿನ ಎರಡು ವರ್ಷಗಳಲ್ಲಿ ಅಮೆಜಾನ್‌ನ ಹೊಸ ಸೋಯಾ ಹೊಲಗಳಲ್ಲಿ ಶೇ. 30ರ ಹತ್ತಿರ ಆಗಷ್ಟೇ ಕಾಡು ಕಡಿದ ನೆಲವಾಗಿತ್ತು. 2014ರ ಹೊತ್ತಿಗೆ ಅದು ಶೇ. 1ರ ಆಸುಪಾಸಿಗೆ ಇಳಿಯಿತು. ಅಷ್ಟರಲ್ಲಿ ಸೋಯಾ ಬೆಳೆ ನಿಂತಿತೇ? ಇಲ್ಲ. ಅಮೆಜಾನ್ ವಲಯದಲ್ಲಿ ಸೋಯಾ ಬೆಳೆಯುವ ಜಾಗ ಒಪ್ಪಂದದ ನಂತರ ನಾಲ್ಕು ಪಟ್ಟಿಗೂ ಜಾಸ್ತಿಯಾಗಿದೆ. ಅದು ಹೆಚ್ಚಾಗಿ ಹಿಂದೆಯೇ ಕಡಿದು ಹುಲ್ಲುಗಾವಲು ಮಾಡಿದ್ದ ನೆಲದಲ್ಲಿ ಬೆಳೆಯಿತು. ಕಾಡು ಕಡಿಯದಿದ್ದರೆ ಬೆಳೆ ಹೆಚ್ಚುವುದಿಲ್ಲ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ.

ಯಾಕೆ ಕೆಲಸ ಮಾಡಿತು ಎಂಬುದೂ ಮುಖ್ಯ. ಕೊಳ್ಳುವವರು ಕೈಬೆರಳಲ್ಲಿ ಎಣಿಸುವಷ್ಟು ಕಂಪನಿಗಳು. ಎಡಿಎಂ, ಬಂಗೆ, ಕಾರ್ಗಿಲ್, ಲೂಯಿ ಡ್ರೈಫಸ್ ಮುಂತಾದವು. ಇವು ಒಟ್ಟಾಗಿ ಬೇಡ ಎಂದರೆ ರೈತನಿಗೆ ಮಾರಲು ಬೇರೆ ಬಾಗಿಲು ಇರಲಿಲ್ಲ. ಉಪಗ್ರಹದ ಚಿತ್ರಗಳು ಆಗಲೇ ಸಿಗುತ್ತಿದ್ದವು. ಸರ್ಕಾರ, ಕಂಪನಿ, ಪರಿಸರ ಸಂಘಟನೆ ಮೂರೂ ಒಂದೇ ಮೇಜಿನ ಸುತ್ತ ಕೂತು ಆ ಚಿತ್ರಗಳನ್ನು ನೋಡುತ್ತಿದ್ದವು. ನಿಯಮವೂ ಸರಳ. ಈ ದಿನಾಂಕದ ನಂತರ ಕಡಿದದ್ದು ಬೇಡ, ಅಷ್ಟೇ. ಆ ದಿನಾಂಕವನ್ನು ಆಮೇಲೆ 2006ರಿಂದ 2008ರ ಜುಲೈಗೆ ಸರಿಸಿ, ದೇಶದ ಅರಣ್ಯ ಕಾನೂನಿಗೆ ಹೊಂದಿಸಿದರು.

ಇತ್ತೀಚಿನ ವರ್ಷಗಳಲ್ಲಿ ಆ ಒಪ್ಪಂದದ ಬುಡವೇ ಅಲುಗಾಡಿದೆ. ಕಾನೂನು ಒಪ್ಪಿದ ಕಡೆಯೂ ನಮ್ಮ ಬೆಳೆ ಬೇಡ ಎನ್ನಲು ಇವರ್ಯಾರು ಎಂಬುದು ರೈತ ಸಂಘಗಳ ಸಿಟ್ಟು. ಬ್ರೆಜಿಲ್‌ನ ಅತಿದೊಡ್ಡ ಸೋಯಾ ರಾಜ್ಯ ಮಾಟೊ ಗ್ರೊಸೊ 2024ರಲ್ಲಿ ಕಾನೂನೇ ಮಾಡಿತು. ಇಂಥ ಒಪ್ಪಂದದಲ್ಲಿರುವ ಕಂಪನಿಗಳಿಗೆ ತೆರಿಗೆ ರಿಯಾಯಿತಿ ಇಲ್ಲ ಎಂದು. 2025ರ ಆಗಸ್ಟ್‌ನಲ್ಲಿ ದೇಶದ ವ್ಯಾಪಾರ ಸ್ಪರ್ಧಾ ನಿಯಂತ್ರಣ ಸಂಸ್ಥೆಯೂ ತನಿಖೆ ಶುರು ಮಾಡಿತು. ಕೊಳ್ಳುವವರೆಲ್ಲ ಒಟ್ಟುಗೂಡಿ ತೀರ್ಮಾನಿಸುವುದು ಕೂಟ ಕಟ್ಟಿದಂತೆ ಅಲ್ಲವೇ ಎಂಬುದು ಅದರ ಪ್ರಶ್ನೆ. ರೈತರ ವಾದದಲ್ಲಿ ನ್ಯಾಯದ ಒಂದು ಎಳೆ ಇದೆ, ಅದನ್ನು ತಳ್ಳಿಹಾಕಲಾಗದು. ಕಾಡು ಉಳಿಸಿದ ರೈತನಿಗೆ ಹಣ ಕೊಡುವ ವ್ಯವಸ್ಥೆ ಎಂದೂ ಸರಿಯಾಗಿ ಬರಲಿಲ್ಲ. ಆದರೂ, ಒಪ್ಪಂದ ಕಳಚಿಬಿದ್ದರೆ ಆಗುವ ನಷ್ಟಕ್ಕೆ ಆ ಎಳೆ ಸಮಾಧಾನವಾಗಲಾರದು ಎಂದೇ ನನ್ನ ಅಭಿಪ್ರಾಯ.

ಇಲ್ಲಿ ದನದ ಮಾತು ಬಿಡುವಂತಿಲ್ಲ. ಅಮೆಜಾನ್‌ನಲ್ಲಿ ಕಾಡು ಕಡಿಯುವುದು ಹೆಚ್ಚಾಗಿ ದನದ ಹುಲ್ಲುಗಾವಲಿಗೆ. ಒಂದು ಲೆಕ್ಕದ ಪ್ರಕಾರ 2001ರಿಂದ 2015ರವರೆಗೆ ಜಗತ್ತಿನಲ್ಲಿ 4.5 ಕೋಟಿ ಹೆಕ್ಟೇರ್ ಕಾಡಿನ ಜಾಗ ಹುಲ್ಲುಗಾವಲಾಯಿತು. ಸೋಯಾ ಆದದ್ದು 82 ಲಕ್ಷ ಹೆಕ್ಟೇರ್. ಹಾಗಾದರೆ ಸೋಯಾ ಪಾಲು ಸಣ್ಣದು, ಅಲ್ವಾ? ಅಷ್ಟು ಸುಲಭ ಅಲ್ಲ. ಸೋಯಾ ಬೆಳೆಗಾರ ಹಳೆಯ ಹುಲ್ಲುಗಾವಲಿಗೆ ಒಳ್ಳೆಯ ಬೆಲೆ ಕೊಡುತ್ತಾನೆ. ದನದವನು ಆ ಹಣ ತೆಗೆದುಕೊಂಡು ಇನ್ನೂ ಒಳಗೆ ಹೋಗಿ ಅಗ್ಗದ ಕಾಡು ಕೊಂಡು ಕಡಿಯುತ್ತಾನೆ. ಉಪಗ್ರಹಕ್ಕೆ ಕಾಣುವುದು ದನ ಮಾತ್ರ. ನೆಲದ ಬೆಲೆ ಏರಿಸಿದ ಸೋಯಾ ಕಾಣುವುದಿಲ್ಲ. ರಸ್ತೆಗಳೂ ಹೀಗೆಯೇ. ಮಾಟೊ ಗ್ರೊಸೊ ರಾಜಧಾನಿ ಕುಯಾಬಾದಿಂದ ಸಾಂಟಾರೆಮ್‌ಗೆ ಹೋಗುವ ಬಿಆರ್-163 ಹೆದ್ದಾರಿಯಲ್ಲಿ ಸೋಯಾ ಲಾರಿಗಳು ಸಾಲುಗಟ್ಟಿ ಓಡುತ್ತವೆ. ಆ ರಸ್ತೆಯ ಎರಡೂ ಬದಿಗೆ ಕಾಡು ಕರಗಿದೆ. ಹಡಗಿನ ಹೊಗೆಯ ಬಗ್ಗೆ ಜನ ಜಾಸ್ತಿ ಕೇಳುತ್ತಾರೆ. ಒಟ್ಟು ಲೆಕ್ಕದಲ್ಲಿ ಅದು ಸಣ್ಣ ಪಾಲು. ಕಾಡಿನೊಳಗೆ ದಾರಿ ತೆರೆಯುವ ಟಾರು ರಸ್ತೆ ಅದಕ್ಕಿಂತ ದೊಡ್ಡ ವಿಷಯ.

ನಿಮ್ಮ ಗೆಳೆಯರ ಮಾತಿನಲ್ಲಿ ಬಾರದ ಒಂದು ಹೆಸರಿದೆ. ನನಗೆ ಅಮೆಜಾನ್‌ಗಿಂತ ಅದರ ಚಿಂತೆಯೇ ಜಾಸ್ತಿ. ಅದು ಸೆರಾಡೊ.

ಬ್ರೆಜಿಲ್‌ನ ನಡುವೆ ಸುಮಾರು 20 ಲಕ್ಷ ಚದರ ಕಿಲೋಮೀಟರ್ ಹರಡಿರುವ ಹುಲ್ಲು, ಕುರುಚಲು, ಡೊಂಕು ಮರಗಳ ನಾಡು ಇದು. ಫೋಟೋ ತೆಗೆದರೆ ಅಮೆಜಾನ್‌ನಷ್ಟು ಚೆಂದ ಕಾಣುವುದಿಲ್ಲ. ಅದಕ್ಕೇ ಇದರ ಪರ ಮಾತಾಡುವವರು ಕಡಿಮೆ. ಆದರೆ ಇಲ್ಲಿನ ಗಿಡಮರಗಳ ಬೇರು ಬಹಳ ಆಳ. ನೆಲದ ಮೇಲೆ ಕಾಣುವುದಕ್ಕಿಂತ ಕೆಳಗೆ ಇರುವುದೇ ಹೆಚ್ಚು ಎಂಬ ಕಾರಣಕ್ಕೆ ಇದನ್ನು ತಲೆಕೆಳಗಾದ ಕಾಡು ಎನ್ನುತ್ತಾರೆ. ಮಳೆಗಾಲದ ನೀರು ಈ ಬೇರುಗಳ ಜಾಡಿನಲ್ಲಿ ಇಳಿದು ನೆಲದಡಿ ಸೇರುತ್ತದೆ. ಬೇಸಿಗೆಯಲ್ಲಿ ನದಿಯಾಗಿ ಹೊರಬರುತ್ತದೆ. ಸಾವೊ ಫ್ರಾನ್ಸಿಸ್ಕೊ, ಟೊಕಾಂಟಿನ್ಸ್, ಪರಾನಾ ನದಿಗಳ ನೀರಿನ ಮೂಲ ಇರುವುದು ಇಲ್ಲೇ. ಬೇರೆಲ್ಲೂ ಸಿಗದ ಸಾವಿರಾರು ಜಾತಿಯ ಸಸ್ಯಗಳೂ ಇಲ್ಲಿವೆ.

ಇದರ ಅರ್ಧದಷ್ಟು ಈಗಾಗಲೇ ಹೊಲ, ಹುಲ್ಲುಗಾವಲಾಗಿದೆ. ಇತ್ತೀಚಿನ ಬಿರುಸು ಮಟೊಪಿಬಾ ಎಂಬ ಭಾಗದಲ್ಲಿ. ಮಾರಾನ್ಯಾವ್, ಟೊಕಾಂಟಿನ್ಸ್, ಪಿಯಾವಿ, ಬಾಹಿಯಾ ರಾಜ್ಯಗಳು ಕೂಡುವ ಜಾಗ ಅದು. 2023ರಲ್ಲಿ ಸೆರಾಡೊದಲ್ಲಿ 11,000 ಚದರ ಕಿಲೋಮೀಟರಿಗೂ ಜಾಸ್ತಿ ಗಿಡಮರ ನೆಲಸಮವಾಯಿತು. ಅದೇ ವರ್ಷ ಅಮೆಜಾನ್‌ನಲ್ಲಿ ಹೋದದ್ದು ಸುಮಾರು 9,000. ಅಮೆಜಾನ್ ಗಾತ್ರದಲ್ಲಿ ಸೆರಾಡೊಗಿಂತ ಎಷ್ಟೋ ದೊಡ್ಡದು ಎಂಬುದನ್ನು ನೆನಪಿಟ್ಟುಕೊಂಡು ಈ ಎರಡು ಅಂಕಿ ನೋಡಿ. 2024ರಲ್ಲಿ ಎರಡೂ ಕಡೆ ಕಡಿತ ತಗ್ಗಿತು. ಸೆರಾಡೊ ಮಾತ್ರ ಆಗಲೂ ಮುಂದೆಯೇ ಇತ್ತು.

ಇಲ್ಲಿನ ಕಡಿತದ ದೊಡ್ಡ ಪಾಲು ಕಾನೂನಿನ ಒಳಗೇ ನಡೆಯುತ್ತದೆ. ಬ್ರೆಜಿಲ್‌ನ ಅರಣ್ಯ ಕಾನೂನಿನ ಪ್ರಕಾರ ಅಮೆಜಾನ್ ಕಾಡಿನಲ್ಲಿ ಜಮೀನಿರುವವರು ಅದರ ಶೇ. 80 ಭಾಗ ಕಾಡಾಗಿಯೇ ಬಿಡಬೇಕು. ಸೆರಾಡೊದಲ್ಲಿ ಬಹುಪಾಲು ಕಡೆ ಬಿಡಬೇಕಾದದ್ದು ಶೇ. 20 ಮಾತ್ರ. ಕಾನೂನು ಅಮೆಜಾನ್ ಎಂದು ಗುರುತಿಸಿದ ರಾಜ್ಯಗಳೊಳಗೆ ಬಿದ್ದ ಸೆರಾಡೊಗೆ ಶೇ. 35. ಉಳಿದದ್ದನ್ನು ಅನುಮತಿ ಪಡೆದು ಕಡಿಯಬಹುದು. ಮೊರಟೋರಿಯಂ ಕೂಡ ಸೆರಾಡೊಗೆ ಅನ್ವಯಿಸುವುದಿಲ್ಲ. ಹಾಗಾಗಿ ಯಾವುದೋ ಕಂಪನಿ "ನಮ್ಮ ಸೋಯಾ ನೂರಕ್ಕೆ ನೂರು ಕಾನೂನುಬದ್ಧ" ಎಂದರೆ, ಅದು ಈ ವರ್ಷವೇ ಕಡಿದ ನೆಲದಿಂದ ಬಂದಿಲ್ಲ ಎಂದು ಅರ್ಥವಲ್ಲ.

ಆ ಕಡಿತದ ಪೆಟ್ಟು ಮೊದಲು ಬೀಳುವುದು ನೀರಿಗೆ. ಪಶ್ಚಿಮ ಬಾಹಿಯಾದಲ್ಲಿ ಎತ್ತರದ ಬಯಲಿನ ದೊಡ್ಡ ಹೊಲಗಳು ನದಿಯಿಂದ, ನೆಲದಡಿಯಿಂದ ನೀರೆತ್ತುತ್ತವೆ. ಕಣಿವೆಯಲ್ಲಿ ತಲೆಮಾರುಗಳಿಂದ ಬದುಕಿದ ಸಣ್ಣ ರೈತರ ಹೊಳೆ ಸೊರಗುತ್ತದೆ. 2017ರ ನವೆಂಬರಿನಲ್ಲಿ ಕೊರೆಂಟಿನಾ ಎಂಬ ಸಣ್ಣ ಊರಿನಲ್ಲಿ ಸಾವಿರಾರು ಜನ ನೀರಿಗಾಗಿ ಬೀದಿಗಿಳಿದರು. ಇನ್ನೊಂದು ಅನ್ಯಾಯವೂ ಈ ಭಾಗದಲ್ಲಿ ನಡೆಯುತ್ತದೆ. ಬಯಲಿನ ಗಿಡಮರ ಪೂರ್ತಿ ಕಡಿದವರು, ಕಾನೂನು ಕೇಳುವ ಕಾಡಿನ ಪಾಲನ್ನು ತೋರಿಸಲು ಕಣಿವೆಯ ಜನರ ನೆಲವನ್ನೇ ತಮ್ಮ ಮೀಸಲು ಎಂದು ದಾಖಲೆ ಮಾಡಿಸುತ್ತಾರೆ. ಆ ಜನ ಅದನ್ನು ಉಳಿಸಿಕೊಂಡು ಬಂದದ್ದೇ ಅವರಿಗೆ ಮುಳುವಾಗುತ್ತದೆ. ಸೋಯಾ ಹಾನಿ ಎಂದರೆ ಮರ ಮತ್ತು ಹೊಗೆಯ ಲೆಕ್ಕ ಮಾತ್ರ ಎಂದುಕೊಂಡವರು ಇದನ್ನು ಗಮನಿಸಬೇಕು.

ಈ ಕಡಿತ ಸೋಯಾ ಬೆಳೆಗಾರನನ್ನೂ ಬಿಡುವುದಿಲ್ಲ. ಬ್ರೆಜಿಲ್‌ನಲ್ಲಿ ಸೆಪ್ಟೆಂಬರ್, ಅಕ್ಟೋಬರಿನ ಮೊದಲ ಮಳೆಗೆ ಸೋಯಾ ಬಿತ್ತುತ್ತಾರೆ. ಅದು ಕೊಯ್ದ ಕೂಡಲೇ ಅದೇ ನೆಲಕ್ಕೆ ಮೆಕ್ಕೆಜೋಳ. ಒಂದೇ ಮಳೆಗಾಲದಲ್ಲಿ ಎರಡು ಬೆಳೆ. ಮಳೆ ಎರಡು ವಾರ ತಡವಾದರೂ ಎರಡನೇ ಬೆಳೆಗೆ ಕೊನೆಯಲ್ಲಿ ನೀರು ಸಾಲದು. ಕಾಡು ಉಸಿರಾಡಿ ಬಿಟ್ಟ ತೇವವೇ ಆ ಮೊದಲ ಮಳೆಗೆ ದೊಡ್ಡ ಆಸರೆ. ಕಾಡು ಹೋದ ಕಡೆ ಮಳೆಗಾಲ ತಡವಾಗಿ ಶುರುವಾಗುತ್ತಿದೆ ಎಂದು ದಕ್ಷಿಣ ಅಮೆಜಾನ್‌ನ ಅಧ್ಯಯನಗಳು ತೋರಿಸಿವೆ. ಒಂದು ಮಿತಿ ದಾಟಿದ ಮೇಲೆ ಕಡಿದಷ್ಟೂ ಇಳುವರಿಗೇ ನಷ್ಟ.

ಗ್ರಾನ್ ಚಾಕೊ ಎಂಬ ಒಣ ಕಾಡು ಅರ್ಜೆಂಟೀನಾ, ಪರಾಗ್ವೆ, ಬೊಲಿವಿಯಾಗಳಲ್ಲಿ ಹರಡಿದೆ. ಅಲ್ಲಿನ ಕಥೆಯೂ ಇದೇ. ಸುದ್ದಿಯಾಗುವುದು ಇನ್ನೂ ಕಡಿಮೆ.

ಈಗ ನಿಮ್ಮ ಎರಡನೇ ಪ್ರಶ್ನೆ, ಕಂಪನಿಗಳ ಮಾತು ನಂಬಬಹುದೇ ಎಂಬುದು.

ಸೋಯಾ ಕಾಳು ಹೊಲದಿಂದ ಲಾರಿಯಲ್ಲಿ ಹೊರಟು ಹತ್ತಿರದ ಸೈಲೊ ಗೋದಾಮಿಗೆ ಬರುತ್ತದೆ. ಹತ್ತಾರು ಹೊಲಗಳ ಕಾಳು ಅಲ್ಲಿ ಒಂದೇ ರಾಶಿ. ಸಕ್ಕರೆ ಡಬ್ಬಕ್ಕೆ ಎರಡು ಅಂಗಡಿಯ ಸಕ್ಕರೆ ಸುರಿದ ಮೇಲೆ ಯಾವುದು ಯಾವ ಅಂಗಡಿಯದು ಎಂದು ಹೇಳಲಾಗುವುದಿಲ್ಲ, ಹಾಗೆ. ಅಲ್ಲಿಂದ ದೊಡ್ಡ ಗೋದಾಮು, ಬಂದರು, ಹಡಗು, ಗಾಣ. ಪ್ರತಿ ಹಂತದಲ್ಲೂ ಇನ್ನಷ್ಟು ಬೆರಕೆ. ವ್ಯಾಪಾರಿ ಕಂಪನಿ ನೇರ ರೈತನಿಂದ ಕೊಂಡರೆ ಹೊಲ ಯಾವುದೆಂದು ಅದಕ್ಕೆ ಗೊತ್ತಿರಬಹುದು. ಮಧ್ಯವರ್ತಿಯಿಂದ, ಇಲ್ಲವೇ ಸಹಕಾರ ಸಂಘದಿಂದ ಕೊಂಡರೆ ಆ ಮಾಹಿತಿ ಬಹಳ ಸಲ ಇರುವುದೇ ಇಲ್ಲ.

ಇದಕ್ಕೆ ಪ್ರಮಾಣಪತ್ರದ ವ್ಯವಸ್ಥೆಗಳು ಬಂದವು. ಜವಾಬ್ದಾರಿಯುತ ಸೋಯಾಕ್ಕಾಗಿ ಆರ್‌ಟಿಆರ್‌ಎಸ್ ಎಂಬ ವೇದಿಕೆ 2006ರಲ್ಲಿ ಶುರುವಾಯಿತು. ಪ್ರಮಾಣಪತ್ರ ಎಂದರೆ ಒಂದೇ ಬಗೆ ಅಲ್ಲ ಎಂಬುದು ಇಲ್ಲಿ ತಿಳಿದಿರಬೇಕು. ಬಿಗಿಯಾದದ್ದರಲ್ಲಿ ಒಳ್ಳೆಯ ನೆಲದ ಕಾಳನ್ನು ಬೇರೆ ಸೈಲೊ, ಬೇರೆ ಹಡಗಿನಲ್ಲೇ ತರುತ್ತಾರೆ. ಖರ್ಚು ಜಾಸ್ತಿ, ಹಾಗಾಗಿ ಅಪರೂಪ. ಎರಡನೆಯದರಲ್ಲಿ ಕಾಳು ಬೆರೆಯುತ್ತದೆ. ನೂರು ಟನ್ ಒಳ್ಳೆಯದು ಒಳಗೆ ಬಂದರೆ ನೂರು ಟನ್‌ಗೆ ಮಾತ್ರ ಒಳ್ಳೆಯದು ಎಂಬ ಮುದ್ರೆ ಹಾಕಿ ಕಳಿಸುತ್ತಾರೆ. ಮೂರನೆಯದರಲ್ಲಿ ಕಾಳಿಗೂ ಕಾಗದಕ್ಕೂ ಸಂಬಂಧವೇ ಇಲ್ಲ. ಕಂಪನಿ ಎಲ್ಲಿಂದಲೋ ಸೋಯಾ ಕೊಳ್ಳುತ್ತದೆ, ಇನ್ನೆಲ್ಲೋ ಇರುವ ಒಳ್ಳೆಯ ರೈತನಿಂದ ಕ್ರೆಡಿಟ್, ಅಂದರೆ ಒಳ್ಳೆಯ ಸೋಯಾ ಬೆಳೆದ ಲೆಕ್ಕದ ಕಾಗದ ಮಾತ್ರ, ಕೊಳ್ಳುತ್ತದೆ. ಆ ರೈತನಿಗೆ ಹಣ ಹೋಗುತ್ತದೆ, ಅದು ಸುಮ್ನೆ ಅಲ್ಲ. ಆದರೆ ಹಾಗೆ ಮಾಡಿದ ಕಂಪನಿ "ನಮ್ಮ ಕೋಳಿ ತಿಂದ ಸೋಯಾಕ್ಕಾಗಿ ಕಾಡು ಕಡಿದಿಲ್ಲ" ಎಂದು ಬರೆದುಕೊಂಡರೆ ಅದು ನಿಜವಲ್ಲ.

ನಿಮಗೆ ಭರವಸೆ ಕೊಡುವ ಒಂದು ಅಂಕಿ ಇದೆ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬ್ರೆಜಿಲ್‌ನ ಲಕ್ಷಾಂತರ ಜಮೀನುಗಳ ದಾಖಲೆಯನ್ನು ಉಪಗ್ರಹ ಚಿತ್ರದ ಜತೆ ಹೋಲಿಸಿ ನೋಡಿದರು. ಅಮೆಜಾನ್ ಮತ್ತು ಸೆರಾಡೊದಲ್ಲಿ ಕಾನೂನು ಮೀರಿ ನಡೆದಿರಬಹುದಾದ ಕಡಿತದಲ್ಲಿ ಶೇ. 62 ಕೇವಲ ಶೇ. 2ರಷ್ಟು ಜಮೀನುಗಳಲ್ಲಿ ಆಗಿತ್ತು. ಆದರೂ ಈ ಎರಡು ಕಡೆಯಿಂದ ಯುರೋಪಿಗೆ ಹೋಗುವ ಸೋಯಾದಲ್ಲಿ ಸುಮಾರು ಶೇ. 20ಕ್ಕೆ ಆ ಕಳಂಕ ತಗುಲಿರಬಹುದು ಎಂದು ಅದೇ ಅಧ್ಯಯನ ಹೇಳಿತು. ಅಂದರೆ ತಪ್ಪು ಮಾಡುವವರು ಕೆಲವೇ ಜನ. ಅವರ ಕಾಳು ಬೆರಕೆಯಲ್ಲಿ ಬಹಳ ದೂರ ಹರಡುತ್ತದೆ. ಯಾವ ಜಮೀನು ಎಂದು ಕಂಡುಹಿಡಿಯಲು ಬೇಕಾದ ದಾಖಲೆ, ಚಿತ್ರ ಎಲ್ಲವೂ ಇವೆ. ಬಳಸುವ ಮನಸ್ಸು ಬೇಕು.

ಯುರೋಪಿಯನ್ ಒಕ್ಕೂಟ 2023ರಲ್ಲಿ ಮಾಡಿದ ಕಾನೂನು ಇದನ್ನೇ ಕೇಳುತ್ತದೆ. ದನ, ಕೋಕೋ, ಕಾಫಿ, ತಾಳೆ ಎಣ್ಣೆ, ರಬ್ಬರ್, ಸೋಯಾ, ಮರ ಈ ಏಳನ್ನು ಅಲ್ಲಿ ಮಾರಬೇಕಾದರೆ ಬೆಳೆದ ಜಾಗದ ಭೂಪಟದ ಗುರುತು ಕೊಡಬೇಕು. 2020ರ ಡಿಸೆಂಬರ್ 31ರ ನಂತರ ಅಲ್ಲಿ ಕಾಡು ಕಡಿದಿರಬಾರದು. ಆ ದೇಶದ ಕಾನೂನಿನಲ್ಲಿ ಕಡಿತಕ್ಕೆ ಅನುಮತಿ ಇದ್ದರೂ ನಡೆಯುವುದಿಲ್ಲ. ಇದು ಒಳ್ಳೆಯ ಕಾನೂನು ಎಂದೇ ನನ್ನ ನಂಬಿಕೆ. ಜಾರಿಯ ದಿನಾಂಕವನ್ನು ಒಂದಕ್ಕಿಂತ ಹೆಚ್ಚು ಸಲ ಮುಂದೂಡಿದ್ದು ಬೇಸರದ ವಿಷಯ. ಅದಕ್ಕಿಂತ ದೊಡ್ಡ ತೂತು ಬೇರೆ ಇದೆ. ಈ ಕಾನೂನು ಕಾಯುವುದು ಕಾಡನ್ನು ಮಾತ್ರ. ಸೆರಾಡೊದ ಹುಲ್ಲು ಕುರುಚಲು ಬಯಲಿನ ಬಹುಪಾಲು ಅದರ ಲೆಕ್ಕದಲ್ಲಿ ಕಾಡೇ ಅಲ್ಲ. ಇನ್ನೊಂದು ಭಯವೂ ಇದೆ. ಒಳ್ಳೆಯ ನೆಲದ ಸೋಯಾ ಯುರೋಪಿಗೆ, ಉಳಿದದ್ದು ಕೇಳದವರಿಗೆ ಎಂದು ವ್ಯಾಪಾರ ಎರಡಾಗಿ ಒಡೆದರೆ ಕಡಿಯುವವರಿಗೆ ಏನೂ ಆಗುವುದಿಲ್ಲ. ಚೀನಾದಂಥ ದೊಡ್ಡ ಕೊಳ್ಳುಗರು ಸೇರದೆ ಇದು ಪೂರ್ತಿಯಾಗದು.

ಔಷಧಿಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. 1996ರಲ್ಲಿ ಗ್ಲೈಫೊಸೇಟ್ ಕಳೆನಾಶಕ ತಡೆದುಕೊಳ್ಳುವ ಕುಲಾಂತರಿ ಸೋಯಾ ಬಂತು. ಮೊದಲು ಅನುಕೂಲವೇ ಆಯಿತು. ಉಳದೆ ಬಿತ್ತುವುದು ಸುಲಭವಾಗಿ ಮಣ್ಣಿನ ಸವಕಳಿ ಕಡಿಮೆಯಾಯಿತು. ಉಳುಮೆ ಇಲ್ಲದ ಬೇಸಾಯವನ್ನು ಬ್ರೆಜಿಲ್‌ನ ಪರಾನಾ ರಾಜ್ಯದಲ್ಲಿ ಹರ್ಬರ್ಟ್ ಬಾರ್ಟ್ಜ್ ಎಂಬ ರೈತ 1972ರಲ್ಲೇ ಶುರು ಮಾಡಿದ್ದರು. ಹೊಸ ಬೀಜ ಅದನ್ನು ಬೇಗ ಹರಡಿತು. ಆದರೆ ವರ್ಷ ವರ್ಷ ಒಂದೇ ಔಷಧಿ ಹೊಡೆದರೆ ಏನಾಗುತ್ತದೆ? ಅದಕ್ಕೆ ಬಗ್ಗದ ಕಳೆಗಳು ಉಳಿದು ಬೆಳೆದವು. ಅಮೆರಿಕದಲ್ಲಿ ಆಗ ಡೈಕಾಂಬಾ ಎಂಬ ಹಳೆಯ ಔಷಧಿ ತಡೆಯುವ ಸೋಯಾ ತಂದರು. ಅದು ಗಾಳಿಯಲ್ಲಿ ಪಕ್ಕದ ಹೊಲಕ್ಕೆ ಹೋಗಿ ಬೇರೆಯವರ ಬೆಳೆ ಸುಟ್ಟಿತು, ಕೋರ್ಟುಗಳು 2020 ಮತ್ತು 2024ರಲ್ಲಿ ಅದರ ಅನುಮತಿ ರದ್ದು ಮಾಡಿದವು. ಬ್ರೆಜಿಲ್‌ನಲ್ಲಿ 2001ರಿಂದ ತುಕ್ಕು ರೋಗದ ಕಾಟ. ಒಂದೇ ಹಂಗಾಮಿನಲ್ಲಿ ಹಲವು ಸಲ ಶಿಲೀಂಧ್ರನಾಶಕ ಹೊಡೆಯಬೇಕು. ವರ್ಷದಲ್ಲಿ ಕೆಲವು ವಾರ ಹೊಲದಲ್ಲಿ ಒಂದೂ ಸೋಯಾ ಗಿಡ ಇರಕೂಡದು ಎಂಬ ಕಾನೂನೇ ಅಲ್ಲಿದೆ, ರೋಗದ ಕೊಂಡಿ ಮುರಿಯಲು. ನನ್ನ ಕೇಳಿದರೆ, ಹೊಲಗಳ ಅಂಚಿನ ಊರುಗಳ ನೀರು, ಗಾಳಿಯ ಪರೀಕ್ಷೆಗೆ ಇಂದು ಸಿಗುತ್ತಿರುವ ಗಮನ ಏನೇನೂ ಸಾಲದು.

ಹಾಗಾದರೆ ಸೋಯಾ ಬಿಟ್ಟು ಬೇರೆ ಏನಾದರೂ ಹಿಡಿಯಬೇಕೇ? ಬೇಡ. ಕಾಳಿನ ತೂಕದಲ್ಲಿ ಮೂರನೇ ಒಂದಕ್ಕಿಂತ ಜಾಸ್ತಿ ಪ್ರೋಟೀನ್ ಇದರಲ್ಲಿದೆ. ಅಷ್ಟೇ ಪ್ರೋಟೀನ್ ಬೇರೆ ಎಣ್ಣೆಕಾಳಿನಿಂದ ತೆಗೆಯಲು ಹೋದರೆ ಸಾಮಾನ್ಯವಾಗಿ ಇನ್ನೂ ಜಾಸ್ತಿ ನೆಲ ಬೇಕು. ನೆಲವೇ ನಮ್ಮ ಸಮಸ್ಯೆ ಆಗಿರುವಾಗ ಅದು ಪರಿಹಾರವಾಗದು. ಬೆಳೆಯಲು ಜಾಗವೂ ಇದೆ. ಸೊರಗಿದ ಹುಲ್ಲುಗಾವಲು 4 ಕೋಟಿ ಹೆಕ್ಟೇರ್‌ವರೆಗೆ ಸರಿಪಡಿಸಿ ಬೇಸಾಯಕ್ಕೆ ತರುವ ಕಾರ್ಯಕ್ರಮವನ್ನು ಬ್ರೆಜಿಲ್ 2023ರ ಕೊನೆಯಲ್ಲಿ ಘೋಷಿಸಿತು. ಸುಣ್ಣ, ಗೊಬ್ಬರಕ್ಕೆ ಸಾಲ ಸಿಕ್ಕರೆ ಅದು ಆಗುವ ಕೆಲಸ. ಗಿಡಮರ ಕಡಿದ ಕೂಡಲೇ ನೆಲದ ಬೆಲೆ ಹಲವು ಪಟ್ಟು ಏರುವ ಕಡೆ, ಸಾಲ ಅಗ್ಗವಾದರೆ ಮಾತ್ರ ಸಾಲದು, ಕಡಿಯುವುದು ದುಬಾರಿಯೂ ಆಗಬೇಕು.

ಹಿಂಡಿಯ ಜತೆ ಎಣ್ಣೆಯ ಮೇಲೂ ಒಂದು ಕಣ್ಣಿಡಿ. ಬ್ರೆಜಿಲ್ 2025ರ ಆಗಸ್ಟ್‌ನಿಂದ ಡೀಸೆಲ್‌ಗೆ ಶೇ. 15 ಬಯೋಡೀಸೆಲ್ ಬೆರೆಸುವುದನ್ನು ಕಡ್ಡಾಯ ಮಾಡಿದೆ. ಅದರ ಬಹುಪಾಲು ಸೋಯಾ ಎಣ್ಣೆಯಿಂದ. ಅಮೆರಿಕದಲ್ಲೂ ಸೋಯಾ ಎಣ್ಣೆ ಹೆಚ್ಚು ಹೆಚ್ಚು ಇಂಧನವಾಗುತ್ತಿದೆ. ಹವಾಮಾನದ ಹೆಸರಿನಲ್ಲಿ ಬಂದ ಈ ಬೇಡಿಕೆ ಹೊಸ ನೆಲ ಕೇಳತೊಡಗಿದರೆ ಉಳಿಸಿದ್ದಕ್ಕಿಂತ ಕಳೆದುಕೊಳ್ಳುವುದೇ ಜಾಸ್ತಿ.

ಕೊನೆಗೆ ಸಾವಯವದ ಪ್ರಶ್ನೆ. ಸಾವಯವ ಮುದ್ರೆ ಹೇಳುವುದು ರಾಸಾಯನಿಕ ಗೊಬ್ಬರ, ಔಷಧಿ, ಕುಲಾಂತರಿ ಬೀಜ ಬಳಸಿಲ್ಲ ಎಂದು. ಹೊಲದ ಅಂಚಿನ ಜನರಿಗೆ, ಮಣ್ಣಿಗೆ ಅದು ಒಳ್ಳೆಯದೇ. ಆದರೆ ಆ ನೆಲದ ಗಿಡಮರ ಯಾವಾಗ ಹೋಯಿತು ಎಂಬುದನ್ನು ಅದು ತಾನಾಗಿ ಹೇಳುವುದಿಲ್ಲ. ಕುಲಾಂತರಿ ಅಲ್ಲ ಎಂಬ ಮುದ್ರೆಯೂ ಅಷ್ಟೇ. ನೀವು ಕೊಳ್ಳುವ ತೋಫು ಅಥವಾ ಸೋಯಾ ಹಾಲಿನ ಕಂಪನಿಗೆ ಒಂದು ಪತ್ರ ಬರೆಯಿರಿ. ಕಾಳು ಯಾವ ದೇಶದ್ದು, ಯಾವ ಪ್ರದೇಶದ್ದು ಎಂದು ಕೇಳಿ. ಜನ ತಿನ್ನುವ ಸೋಯಾ ಹಲವು ಸಲ ಬೇರೆ ತಳಿ, ಬೇರೆ ದಾರಿಯಲ್ಲೇ ಬರುವುದರಿಂದ ಅವರಿಗೆ ಉತ್ತರ ಕೊಡುವುದು ಕಷ್ಟವಲ್ಲ. ಮೊಟ್ಟೆ, ಕೋಳಿ ಇನ್ನೂ ಬಳಸುತ್ತಿದ್ದರೆ ಅದೇ ಪ್ರಶ್ನೆಯನ್ನು ಅದನ್ನು ಮಾರುವವರಿಗೂ ಕೇಳಿ: ನಿಮ್ಮ ಪ್ರಾಣಿಗಳ ಹಿಂಡಿ ಎಲ್ಲಿಯದು, ಯಾವ ದಿನಾಂಕದ ನಂತರ ಕಡಿದ ನೆಲದ್ದನ್ನು ನೀವು ಕೊಳ್ಳುವುದಿಲ್ಲ, ಆ ನಿಯಮ ಸೆರಾಡೊಗೂ ಇದೆಯೇ, ಕಾಳು ಬೇರೆಯಾಗಿಯೇ ಬರುತ್ತದೆಯೇ ಅಥವಾ ಬರೀ ಕ್ರೆಡಿಟ್ ಕೊಂಡಿದ್ದೀರಾ? ಸೆರಾಡೊ ಹೆಸರು ಬಂದ ಕೂಡಲೇ ಉತ್ತರ ತಡವರಿಸಿದರೆ, ಅವರು ಹೇಳುತ್ತಿರುವುದು ಅಮೆಜಾನ್ ಬಗ್ಗೆ ಮಾತ್ರ ಎಂದು ತಿಳಿದುಕೊಳ್ಳಿ.